ಅಯೋಡಿನ್: ಹಸುವಿನ ಬಾಯಿಗೆಷ್ಟು, ಕೆಚ್ಚಲಿಗೆಷ್ಟು?

(ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಏರ್ಪಡಿಸಿದ್ದ ಹೈನುಗಾರಿಕೆ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳುಹಿಸಿ ಇಲ್ಲಿಗೆ ಬಂದಿದ್ದೀರಿ. ಸಂಜೆ ನಾಲ್ಕು ಗಂಟೆಗೆ ಮತ್ತೆ ಕೊಟ್ಟಿಗೆಯಲ್ಲಿ ಇರಬೇಕು. ಆದ್ದರಿಂದ ಹೆಚ್ಚು ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ಸಂಘಗಳ ಸಭೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಸಿಸ್ಟರ್, ಹಿಂಡಿಗೆ ಅಯೋಡಿನ್ ಪುಡಿ ಕಲಸಿ ಕೊಟ್ರೆ ಹಸುವಿಗೆ ಕೆಚ್ಚಲು ಬಾವು ಬರೋದಿಲ್ವಂತೆ, ಹೌದಾ?" ಕೆಲವರು ಈಗಾಗಲೇ ತಂದು ಹಾಕುತ್ತಿದ್ದಾರೆ. ಇನ್ನು ಕೆಲವರು ಸಂಘದಿಂದ ಸಾಲ ತೆಗೆದು ತರೋಣ ಅಂತ ಯೋಚಿಸುತ್ತಿದ್ದಾರೆ. ನಾನು ಪಶುವೈದ್ಯೆಯಲ್ಲ, ಸಮಾಜಕಾರ್ಯ ಓದಿದವಳು. ಔಷಧಿ ಬರೆದುಕೊಡುವುದು ನನ್ನ ಕೆಲಸವಲ್ಲ. ಆದರೆ ನಿಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆ, ಅದರಿಂದ ಏನು ಸಿಗುತ್ತದೆ ಎಂಬ ಲೆಕ್ಕ ನಾವೆಲ್ಲ ಕೂತು ಹಾಕಲೇಬೇಕಾದದ್ದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಸುವಿಗೆ ಅಯೋಡಿನ್ ಬೇಕೇ ಬೇಕು, ಆದರೆ ಬೇಕಾದದ್ದು ಬಹಳ ಸ್ವಲ್ಪ. ಅಷ್ಟು ಅಯೋಡಿನ್ ಒಳ್ಳೆಯ ಖನಿಜ ಮಿಶ್ರಣದಲ್ಲಿ ಸಿಗುತ್ತದೆ. ಅದಕ್ಕಿಂತ ಹೆಚ್ಚು ತಿನ್ನಿಸಿದರೆ ಕೆಚ್ಚಲು ಬಾವು ನಿಲ್ಲುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಕೆಚ್ಚಲನ್ನು ಕಾಯುವ ಅಯೋಡಿನ್ ಬೇರೆಯೇ ಇದೆ. ಅದನ್ನು ತಿನ್ನಿಸುವುದಲ್ಲ, ಹಾಲು ಕರೆದ ಮೇಲೆ ಮೊಲೆತೊಟ್ಟಿಗೆ ಹಚ್ಚುವುದು. ಈ ಎರಡನ್ನು ಬೆರೆಸಿಬಿಟ್ಟದ್ದರಿಂದಲೇ ಗೊಂದಲ ಹುಟ್ಟಿದೆ. ಇನ್ನು ಒಂದೊಂದಾಗಿ ನೋಡೋಣ.

ಕೆಚ್ಚಲು ಬಾವಿನ ನಷ್ಟ

ಕೆಚ್ಚಲು ಬಾವು ಅಂದ ಕೂಡಲೇ ನಮಗೆ ನೆನಪಾಗುವುದು ಊದಿಕೊಂಡು ಕೆಂಪಾದ ಕೆಚ್ಚಲು, ಒಡೆದ ಹಾಲು, ಮುಟ್ಟಿದರೆ ಒದೆಯುವ ಹಸು. ಅದು ಕಣ್ಣಿಗೆ ಕಾಣುವ ಬಾವು. ಕಾಣದ ಬಾವು ಇನ್ನೊಂದಿದೆ. ಕೆಚ್ಚಲು ಚೆನ್ನಾಗಿಯೇ ಇರುತ್ತದೆ, ಹಾಲು ಬೆಳ್ಳಗೇ ಇರುತ್ತದೆ, ಹಸು ಮೇವೂ ತಿನ್ನುತ್ತದೆ. ಆದರೆ ಹಾಲು ದಿನಕ್ಕೆ ಅರ್ಧ ಲೀಟರ್, ಒಂದು ಲೀಟರ್ ಅಂತ ಇಳಿಯುತ್ತಾ ಬರುತ್ತದೆ. "ಮೇವು ಸಾಲಲಿಲ್ಲ", "ಯಾರದೋ ದೃಷ್ಟಿ ತಾಗಿತು" ಅಂತ ಹೇಳಿ ಸುಮ್ಮನಾಗುತ್ತೇವೆ. ಇದನ್ನು ಸುಪ್ತ ಕೆಚ್ಚಲು ಬಾವು ಎನ್ನುತ್ತಾರೆ. ಕಾಣುವ ಬಾವಿಗಿಂತ ಇದೇ ಹೆಚ್ಚು ಹಸುಗಳಲ್ಲಿ ಇರುವುದು.

ಒಂದು ಲೆಕ್ಕ ಹಾಕಿ. ಹಸುವಿನ ಕೆಚ್ಚಲಿನಲ್ಲಿ ನಾಲ್ಕು ಭಾಗ. ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ನಾಲ್ಕರಲ್ಲಿ ಒಂದು ಭಾಗ ಕೆಟ್ಟು ದಿನಕ್ಕೆ 2 ಲೀಟರ್ ಕಡಿಮೆಯಾಯಿತು ಅಂತ ಇಟ್ಟುಕೊಳ್ಳಿ. ಲೀಟರಿಗೆ 30 ರೂಪಾಯಿ ಹಿಡಿದರೆ ದಿನಕ್ಕೆ 60 ರೂಪಾಯಿ. ಆ ಸೂಲಿನಲ್ಲಿ ಇನ್ನೂ 200 ದಿನ ಕರೆಯುವುದಿದ್ದರೆ 12,000 ರೂಪಾಯಿ. ಡಾಕ್ಟರ ಖರ್ಚು, ಔಷಧಿ, ಚೆಲ್ಲಿದ ಹಾಲು ಬೇರೆ. ಸಂಘದ ಸಾಲದ ಕಂತು ಹಾಲಿನ ಬಟವಾಡೆಯಿಂದಲೇ ಕಟ್ಟುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಇಷ್ಟು ನಷ್ಟದ ಭಯ ಇರುವುದರಿಂದಲೇ ಯಾರಾದರೂ "ಈ ಪುಡಿ ಹಾಕಿ, ಬಾವು ಬರಲ್ಲ" ಅಂದರೆ ನಾವು ಕೂಡಲೇ ನಂಬಿಬಿಡುತ್ತೇವೆ.

ಬಾವು ಬರುವುದು ರೋಗಾಣುವಿನಿಂದ. ರೋಗಾಣು ಒಳಗೆ ಹೋಗುವುದು ಮೊಲೆತೊಟ್ಟಿನ ತುದಿಯ ರಂಧ್ರದಿಂದ. ಕೆಲವು ರೋಗಾಣುಗಳು ಹಾಲು ಕರೆಯುವವರ ಕೈಯಿಂದ, ಒರೆಸುವ ಬಟ್ಟೆಯಿಂದ ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಇನ್ನು ಕೆಲವು ಸಗಣಿ, ಗಂಜಲ, ಕೆಸರಿನಲ್ಲಿ ಇರುತ್ತವೆ. ಹೊಟ್ಟೆಗೆ ಹಾಕಿದ ಪುಡಿ ಈ ಬಾಗಿಲನ್ನು ಮುಚ್ಚುವುದಿಲ್ಲ.

ಅಯೋಡಿನ್ ದೇಹದೊಳಗೆ ಮಾಡುವ ಕೆಲಸ

ಹಾಗಾದರೆ ಅಯೋಡಿನ್ ಯಾಕೆ ಬೇಕು? ನಮ್ಮ ಕುತ್ತಿಗೆಯಲ್ಲಿರುವ ಹಾಗೆ ಹಸುವಿನ ಕುತ್ತಿಗೆಯಲ್ಲೂ ಥೈರಾಯ್ಡ್ ಗ್ರಂಥಿ ಇದೆ. ಅದು ತಯಾರಿಸುವ ಹಾರ್ಮೋನಿಗೆ ಅಯೋಡಿನ್ ಬೇಕು. ತಿಂದದ್ದು ಶಕ್ತಿಯಾಗುವುದು, ಮೈ ಬೆಚ್ಚಗಿರುವುದು, ಹೊಟ್ಟೆಯಲ್ಲಿರುವ ಕರು ಬೆಳೆಯುವುದು, ಹಾಲು ಬರುವುದು ಎಲ್ಲಕ್ಕೂ ಈ ಹಾರ್ಮೋನು ಬೇಕು.

ಅಯೋಡಿನ್ ಕಡಿಮೆಯಾದರೆ ಮೊದಲು ಗೊತ್ತಾಗುವುದು ಹೆಚ್ಚಾಗಿ ಕರುವಿನಲ್ಲಿ. ಕರು ಸತ್ತು ಹುಟ್ಟಬಹುದು, ಎದ್ದು ನಿಲ್ಲಲಾರದಷ್ಟು ನಿಶ್ಶಕ್ತವಾಗಿ ಹುಟ್ಟಬಹುದು, ಮೈಮೇಲೆ ಕೂದಲು ಕಡಿಮೆ ಇರಬಹುದು, ಕುತ್ತಿಗೆ ಊದಿರಬಹುದು. ತಾಯಿ ಹಸುವಿನಲ್ಲಿ ಬೆದೆ ಸರಿಯಾಗಿ ಕಾಣಿಸದಿರುವುದು, ಗಬ್ಬ ನಿಲ್ಲದಿರುವುದು, ಕರು ಹಾಕಿದ ಮೇಲೆ ಕಸ ಬೀಳದಿರುವುದು ಇದರ ಲಕ್ಷಣಗಳಾಗಿರಬಹುದು. ಇವುಗಳಿಗೆ ಬೇರೆ ಕಾರಣಗಳೂ ಇರುವುದರಿಂದ ಡಾಕ್ಟರಿಗೆ ತೋರಿಸಿಯೇ ತಿಳಿಯಬೇಕು.

ನಮ್ಮ ಮಲೆನಾಡಿನಂಥ ಕಡೆ ಇದು ಇನ್ನೂ ಮುಖ್ಯ. ಜೋರು ಮಳೆ ಬಿದ್ದು ಇಳಿಜಾರಿನಲ್ಲಿ ನೀರು ಹರಿಯುವಾಗ ಮಣ್ಣಿನಲ್ಲಿರುವ ಅಯೋಡಿನ್ ತೊಳೆದುಹೋಗುತ್ತದೆ. ಮಣ್ಣಿನಲ್ಲಿ ಇಲ್ಲದ್ದು ಹುಲ್ಲಿಗೆ ಬರುವುದಿಲ್ಲ, ಹುಲ್ಲಿನಲ್ಲಿ ಇಲ್ಲದ್ದು ಹಸುವಿಗೆ ಸಿಗುವುದಿಲ್ಲ. ಚಿಕ್ಕಮಗಳೂರು, ಕೊಡಗಿನ ಕಡೆ ಹಿಂದೆ ಗಳಗಂಡದವರನ್ನು ಕಂಡ ನೆನಪು ಇಲ್ಲಿರುವ ಹಿರಿಯರಿಗೆ ಇರಬಹುದು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಉಪ್ಪಿಗೆ ಅಯೋಡಿನ್ ಸೇರಿಸಿ ಜನರಿಗೆ ಕೊಟ್ಟು ನೋಡಿದರು, ಗಳಗಂಡ ಇಳಿಯಿತು. 1962ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇವತ್ತು ನಾವು ತಿನ್ನುವ ಅಯೋಡಿನ್ ಉಪ್ಪು ಬಂದದ್ದು ಆ ದಾರಿಯಿಂದ. ಒಂದು ಮಾತು ಗಮನಿಸಿ. ಅಲ್ಲಿ ಜನರಿಗೆ ಚಮಚಗಟ್ಟಲೆ ಅಯೋಡಿನ್ ಕೊಡಲಿಲ್ಲ. ಊಟದ ಉಪ್ಪಿನಲ್ಲಿ ಕಣ್ಣಿಗೇ ಕಾಣದಷ್ಟು ಸೇರಿಸಿ ದಿನಾ ಸಿಗುವ ಹಾಗೆ ಮಾಡಿದರು. ಹಸುವಿಗೂ ಹಾಗೆಯೇ: ಸ್ವಲ್ಪ ಸಾಕು, ಆದರೆ ದಿನಾ ಬೇಕು.

ಎಷ್ಟು ಬೇಕು?

ಹಾಲು ಕೊಡುವ ಹಸು ತಿನ್ನುವ ಮೇವು, ಹಿಂಡಿ ಎಲ್ಲದರ ನೀರಿನಂಶ ಕಳೆದು ಉಳಿಯುವ ಒಣ ತೂಕದಲ್ಲಿ, ಒಂದು ಕೆ.ಜಿ.ಗೆ ಸುಮಾರು ಅರ್ಧ ಮಿಲಿಗ್ರಾಂ ಅಯೋಡಿನ್ ಇರಬೇಕು. ನಮ್ಮ ಸಾಧಾರಣ ಮಿಶ್ರತಳಿ ಹಸು ದಿನಕ್ಕೆ 12 ಕೆ.ಜಿ. ಒಣ ತೂಕದ ಆಹಾರ ತಿಂದರೆ 6 ಮಿಲಿಗ್ರಾಂ ಬೇಕಾಯಿತು. ಒಂದು ಗ್ರಾಂನಲ್ಲಿ ಸಾವಿರ ಮಿಲಿಗ್ರಾಂ. ಅಂದರೆ ಒಂದು ಗ್ರಾಂ ಅಯೋಡಿನ್ ಒಂದು ಹಸುವಿಗೆ ಐದು ತಿಂಗಳಿಗೂ ಹೆಚ್ಚು ಕಾಲ ಸಾಕು.

"ನಾವು ಅಡುಗೆಯ ಅಯೋಡಿನ್ ಉಪ್ಪನ್ನೇ ಕೊಡ್ತೀವಲ್ಲ, ಸಾಲೋದಿಲ್ವಾ?" ಅಂತ ಕೇಳುತ್ತೀರಿ. ಮನೆಗೆ ಬರುವ ಉಪ್ಪಿನಲ್ಲಿ ಒಂದು ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂದು ನಿಯಮ. ಹಸುವಿಗೆ 30 ಗ್ರಾಂ ಉಪ್ಪು ಕೊಟ್ಟರೆ ಈ ಲೆಕ್ಕದಲ್ಲಿ ಸಿಗುವುದು ಅರ್ಧ ಮಿಲಿಗ್ರಾಂಗಿಂತ ಕಡಿಮೆ. ಬೇಕಾದದ್ದು 6. ಉಪ್ಪು ಮನುಷ್ಯರ ಲೆಕ್ಕಕ್ಕೆ ಮಾಡಿದ್ದು, ಅದೊಂದರಿಂದಲೇ ಹಸುವಿಗೆ ಸಾಲುವುದಿಲ್ಲ.

ಈಗ ಖನಿಜ ಮಿಶ್ರಣದ ಚೀಲ ನೋಡಿ. ಅದರ ಮೇಲೆ ಕ್ಯಾಲ್ಸಿಯಂ, ರಂಜಕ, ಸತು, ತಾಮ್ರ ಇವುಗಳ ಜೊತೆ ಅಯೋಡಿನ್ ಪ್ರಮಾಣವನ್ನೂ ಬರೆದಿರುತ್ತಾರೆ. ಉಪ್ಪು ಸೇರದ ಮಿಶ್ರಣದಲ್ಲಿ ಪೊಟ್ಯಾಷಿಯಂ ಅಯೊಡೈಡ್ ರೂಪದಲ್ಲಿ ಶೇ. 0.026ರ ಆಸುಪಾಸಿನಲ್ಲಿ ಇದ್ದರೆ, ದಿನಕ್ಕೆ 50 ಗ್ರಾಂ ಕೊಟ್ಟಾಗ 13 ಮಿಲಿಗ್ರಾಂ ಪೊಟ್ಯಾಷಿಯಂ ಅಯೊಡೈಡ್, ಅದರಲ್ಲಿ ಸುಮಾರು 10 ಮಿಲಿಗ್ರಾಂ ಅಯೋಡಿನ್ ಸಿಗುತ್ತದೆ. ಬೇಕಾದದ್ದು ಬಂತು, ಸ್ವಲ್ಪ ಉಳಿಯಿತು ಕೂಡ. ಬೇರೆ ಪುಡಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಇಲ್ಲಿ ಮೂರು ಎಚ್ಚರಿಕೆ.

ಒಂದು, ಅಳತೆ. "ಒಂದು ಹಿಡಿ" ಅನ್ನಬೇಡಿ, ನನ್ನ ಹಿಡಿ ಬೇರೆ, ನಿಮ್ಮ ಹಿಡಿ ಬೇರೆ. ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ 50 ಗ್ರಾಂ ತೂಗಿಸಿ, ಮನೆಯ ಒಂದು ಸಣ್ಣ ಡಬ್ಬಿಗೆ ಹಾಕಿ, ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಗೆರೆ ಎಳೆಯಿರಿ. ನೀವು ಊರಿಗೆ ಹೋದರೂ ಅತ್ತೆಯೋ ಮಗನೋ ಅದೇ ಗೆರೆಗೆ ಹಾಕುತ್ತಾರೆ. ಕೊಡುವ ಪಶು ಆಹಾರದಲ್ಲಿ ಈಗಾಗಲೇ ಖನಿಜ ಮಿಶ್ರಣ ಸೇರಿದ್ದರೆ, ಮೇಲೆ ಎಷ್ಟು ಹಾಕಬೇಕು ಅಂತ ಡಾಕ್ಟರ ಹತ್ತಿರ ಕೇಳಿ.

ಎರಡು, ಇಡುವ ಜಾಗ. ತೇವ ಮತ್ತು ಬಿಸಿ ತಾಗಿದರೆ ಅಯೋಡಿನ್ ನಷ್ಟವಾಗುತ್ತದೆ. ಮಳೆಗಾಲದಲ್ಲಿ ಚೀಲದ ಬಾಯಿ ತೆರೆದು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟರೆ ಎರಡು ತಿಂಗಳಲ್ಲಿ ಗಟ್ಟಿ ಉಂಡೆಯಾಗುವುದನ್ನು ನೋಡಿದ್ದೀರಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ.

ಮೂರು, ಮೇವು. ಕೋಸಿನ ಜಾತಿಯ ಎಲೆಗಳು, ಸಾಸಿವೆ ಹಿಂಡಿ, ಮರಗೆಣಸಿನ ಸೊಪ್ಪು ಇವುಗಳಲ್ಲಿ ದೇಹಕ್ಕೆ ಅಯೋಡಿನ್ ದಕ್ಕದಂತೆ ತಡೆಯುವ ಅಂಶಗಳಿವೆ. ಸಂತೆಯಿಂದ ಉಳಿದ ಎಲೆಕೋಸು, ಹೂಕೋಸಿನ ಎಲೆ ಮೂಟೆಗಟ್ಟಲೆ ಬಿಟ್ಟಿ ಸಿಗುತ್ತದೆ ಅಂತ ಅದನ್ನೇ ತಿಂಗಳುಗಟ್ಟಲೆ ಹಾಕಬಾರದು. ಹಸಿ ಮರಗೆಣಸಿನ ಸೊಪ್ಪಿನಲ್ಲಿ ವಿಷದ ಅಪಾಯವೂ ಇದೆ.

ಹೆಚ್ಚಾದರೆ ಏನಾಗುತ್ತದೆ?

"ಸ್ವಲ್ಪ ಒಳ್ಳೇದು ಅಂದ್ರೆ ಜಾಸ್ತಿ ಇನ್ನೂ ಒಳ್ಳೇದಲ್ವಾ?" ಅಂತ ಕೇಳುವವರಿದ್ದಾರೆ. ಅಯೋಡಿನ್ ವಿಷಯದಲ್ಲಿ ಹಾಗಲ್ಲ. ಪೊಟ್ಯಾಷಿಯಂ ಅಯೊಡೈಡ್ ಪುಡಿಯನ್ನು ಒಂದು ಚಮಚ, ಅಂದರೆ ಸುಮಾರು 5 ಗ್ರಾಂ, ಹಿಂಡಿಗೆ ಕಲಸಿದರೆ ಹಸುವಿನ ಹೊಟ್ಟೆಗೆ ಸುಮಾರು 3,800 ಮಿಲಿಗ್ರಾಂ ಅಯೋಡಿನ್ ಹೋಯಿತು. ಆರುನೂರು ದಿನಕ್ಕೆ ಬೇಕಾದದ್ದನ್ನು ಒಂದೇ ಹೊತ್ತಿಗೆ ತಿನ್ನಿಸಿದಂತೆ. ದನದ ನಾಲಿಗೆ ಮರದ ಹಾಗೆ ಗಟ್ಟಿಯಾಗುವ ರೋಗಕ್ಕೆ ಪಶುವೈದ್ಯರು ಇಂಥ ದೊಡ್ಡ ಪ್ರಮಾಣ ಕೊಡುವುದುಂಟು. ಅದು ಕೆಲವೇ ದಿನದ ಚಿಕಿತ್ಸೆ, ಲಕ್ಷಣ ನೋಡಿಕೊಂಡು ನಿಲ್ಲಿಸುತ್ತಾರೆ. ಆ ಚೀಟಿಯನ್ನು ಇಟ್ಟುಕೊಂಡು ಬೇರೆ ಹಸುವಿಗೂ ದಿನಾ ಹಾಕುವುದು ಸರಿಯಲ್ಲ.

ಅಯೋಡಿನ್ ಮಿತಿಮೀರಿದರೆ ಹಸುವಿನ ಕಣ್ಣು, ಮೂಗಿನಲ್ಲಿ ನೀರು ಸುರಿಯುತ್ತದೆ, ಕೆಮ್ಮು ಬರುತ್ತದೆ, ಚರ್ಮ ಒಣಗಿ ಹೊಟ್ಟು ಏಳುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಶೀತ ಆಗಿದೆ ಅಂದುಕೊಂಡು ಇನ್ನೊಂದು ಔಷಧಿ ಕೊಡುತ್ತೇವೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕೆಚ್ಚಲು ರಕ್ತದಿಂದ ಅಯೋಡಿನನ್ನು ಎಳೆದು ಹಾಲಿಗೆ ಸೇರಿಸುತ್ತದೆ. ಹಸುವಿಗೆ ಹೆಚ್ಚು ಕೊಟ್ಟಷ್ಟೂ ಹಾಲಿನಲ್ಲಿ ಹೆಚ್ಚು ಬರುತ್ತದೆ. ಇದರಿಂದ ಒಳ್ಳೆಯದೂ ಆದದ್ದುಂಟು. ಬ್ರಿಟನ್ನಿನಲ್ಲಿ ಕಳೆದ ಶತಮಾನದಲ್ಲಿ ಹಸುವಿನ ಆಹಾರಕ್ಕೆ ಅಯೋಡಿನ್ ಸೇರಿಸತೊಡಗಿದ ಮೇಲೆ, ಕೊಟ್ಟಿಗೆಯಲ್ಲೂ ಅಯೋಡಿನ್ ದ್ರಾವಣದ ಬಳಕೆ ಹೆಚ್ಚಿದ ಮೇಲೆ, ಹಾಲಿನ ಮೂಲಕ ಜನರಿಗೆ ಅಯೋಡಿನ್ ಸಿಕ್ಕಿ ಗಳಗಂಡ ಕಡಿಮೆಯಾಯಿತು. ಯಾರೂ ಅದಕ್ಕಾಗಿ ಯೋಜನೆ ಹಾಕಿರಲಿಲ್ಲ. ಆದರೆ ಇದೇ ದಾರಿಯಲ್ಲಿ ಅತಿಯಾದದ್ದೂ ಬರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಗರ್ಭಿಣಿಗೆ 250, ಮಕ್ಕಳಿಗೆ ಇನ್ನೂ ಕಡಿಮೆ. ಅತಿಯಾದ ಅಯೋಡಿನ್ ಕೂಡ ಥೈರಾಯ್ಡ್ ಕೆಡಿಸಬಲ್ಲದು. ಹಾಲು ಕುಡಿಯುವವರ ಆರೋಗ್ಯ ನೋಡಿಕೊಂಡೇ ಯುರೋಪಿನ ದೇಶಗಳಲ್ಲಿ ಹಾಲು ಕೊಡುವ ಹಸುವಿನ ಆಹಾರದಲ್ಲಿ ಕೆ.ಜಿ.ಗೆ 5 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿದ್ದಾರೆ. ನಮ್ಮ ಹಾಲು ಡೈರಿಗೆ ಹೋಗುವ ಮೊದಲು ನಮ್ಮದೇ ಮನೆಯ ಮಗುವಿನ ಲೋಟಕ್ಕೆ ಹೋಗುತ್ತದೆ. ಪಕ್ಕದ ಮನೆಯ ಬಾಣಂತಿಯೂ ಅದನ್ನೇ ಕುಡಿಯುತ್ತಾಳೆ.

ಹಾಗಾದರೆ ಆ ಮಾತು ಎಲ್ಲಿಂದ ಬಂತು?

ಅಯೋಡಿನ್ ತಿನ್ನಿಸಿದರೆ ಬಾವು ಬರುವುದಿಲ್ಲ ಎನ್ನುವ ಮಾತಿಗೆ ಬುಡವೇ ಇಲ್ಲವೆಂದಲ್ಲ. ರಕ್ತದಲ್ಲಿರುವ ಬಿಳಿ ಕಣಗಳು ರೋಗಾಣುವನ್ನು ಕೊಲ್ಲುವಾಗ ಬಳಸುವ ಹತಾರಗಳಲ್ಲಿ ಅಯೋಡಿನ್ ಕೂಡ ಒಂದು. ಆದ್ದರಿಂದ ಅಯೋಡಿನ್ ಕೊರತೆ ಇರುವ ಹಸುವಿಗೆ ಕೊರತೆ ನೀಗಿಸಿದರೆ ಒಟ್ಟು ಆರೋಗ್ಯ ಸುಧಾರಿಸುತ್ತದೆ. ಆದರೆ ಸಾಕಷ್ಟು ಸಿಗುತ್ತಿರುವ ಹಸುವಿಗೆ ಇನ್ನಷ್ಟು ಸುರಿದರೆ ಆ ಶಕ್ತಿ ಹೆಚ್ಚುತ್ತಾ ಹೋಗುವುದಿಲ್ಲ. ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ.

ಆಹಾರದಿಂದ ಕೆಚ್ಚಲಿಗೆ ಸಹಾಯವಾಗುವುದು ಒಟ್ಟು ಪೋಷಣೆ ಸರಿಯಿದ್ದಾಗ. ಇದರಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂಗೆ ಹೆಚ್ಚು ಒಳ್ಳೆಯ ಆಧಾರ ಸಿಕ್ಕಿದೆ. ಅಮೆರಿಕದ ಓಹಾಯೋದಲ್ಲಿ ನಡೆದು 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬತ್ತಿದ ಕಾಲದಲ್ಲಿ ವಿಟಮಿನ್ ಇ ಕೊಟ್ಟ ಹಸುಗಳಲ್ಲಿ ಕಾಣುವ ಕೆಚ್ಚಲು ಬಾವು ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿಯಿತು. ವಿಟಮಿನ್ ಇ ನಮಗೆ ಸುಲಭವಾಗಿ ಸಿಗುವುದು ತಾಜಾ ಹಸಿರು ಹುಲ್ಲಿನಲ್ಲಿ. ಒಣಹುಲ್ಲಿನಲ್ಲಿ ಅದು ತೀರಾ ಕಡಿಮೆ. ಇನ್ನು ಸತು ಚರ್ಮಕ್ಕೂ, ತೊಟ್ಟಿನ ರಂಧ್ರವನ್ನು ಒಳಗಿನಿಂದ ಮುಚ್ಚುವ ಮೇಣದಂಥ ಪದರಕ್ಕೂ ಬೇಕು. ಸತು, ತಾಮ್ರ ಖನಿಜ ಮಿಶ್ರಣದಲ್ಲೇ ಇರುತ್ತವೆ. ಸೆಲೆನಿಯಂ ಮಾತ್ರ ಅತಿಯಾದರೆ ವಿಷ, ಡಾಕ್ಟರ ಮಾತಿಲ್ಲದೆ ಬೇರೆಯಾಗಿ ಕೊಡಬೇಡಿ. ಹಿತ್ತಲಲ್ಲಿ ಬೇಲಿ ಸಾಲಿಗೆ, ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಸಾಲು ನೇಪಿಯರ್ ಹುಲ್ಲು ಹಾಕಿದರೆ ಪುಡಿಯ ಡಬ್ಬಿಗಿಂತ ಹೆಚ್ಚು ಉಪಯೋಗ.

ಕೆಚ್ಚಲಿಗೆ ಹಚ್ಚುವ ಅಯೋಡಿನ್

ಈಗ ನಿಜವಾಗಿ ಕೆಚ್ಚಲು ಕಾಯುವ ಅಯೋಡಿನ್ ವಿಷಯ. ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಕೂಡಲೇ ಮುಚ್ಚಿಕೊಳ್ಳುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ತೆರೆದಿರುತ್ತದೆ. ಆ ಹೊತ್ತಿನಲ್ಲಿ ತೊಟ್ಟಿನ ತುದಿಯಲ್ಲಿರುವ ಹಾಲಿನ ಹನಿ ರೋಗಾಣುವಿಗೆ ಊಟ ಇಟ್ಟಂತೆ. ಆಗ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿದರೆ ಅಲ್ಲಿರುವ ರೋಗಾಣು ಸಾಯುತ್ತದೆ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ ಕೈಯ ಶುಚಿತ್ವ ಮತ್ತು ಪ್ರತಿ ಕರೆತದ ನಂತರ ತೊಟ್ಟು ಅದ್ದುವ ಕ್ರಮದಿಂದ ಹೊಸ ಸೋಂಕು ಸುಮಾರು ಅರ್ಧದಷ್ಟು ಇಳಿಯಿತು. ಆಮೇಲೆ ಪ್ರಪಂಚದ ಎಲ್ಲ ಕಡೆ ಹೈನುಗಾರರು ಇದನ್ನು ಅನುಸರಿಸುತ್ತಿದ್ದಾರೆ. ನಮ್ಮ ಎರಡು ಹಸುವಿನ ಕೊಟ್ಟಿಗೆಯಲ್ಲೂ ಮಾಡಬಹುದು.

ಕ್ರಮ ಹೀಗಿದೆ:

1. ಕೈ, ಉಗುರು ಸೋಪಿನಿಂದ ತೊಳೆಯಿರಿ. ಬಾವು ಇಲ್ಲದ ಹಸುವನ್ನು ಮೊದಲು, ಬಾವು ಇರುವುದನ್ನು ಕೊನೆಗೆ ಕರೆಯಿರಿ.

2. ತೊಟ್ಟುಗಳನ್ನು ತೊಳೆದು, ಶುದ್ಧವಾದ ಒಣ ಬಟ್ಟೆಯಿಂದ ಒರೆಸಿ. ಒಂದು ಹಸುವಿಗೆ ಒಂದು ಬಟ್ಟೆ. ತೊಳೆದು ಒದ್ದೆಯಾಗಿಯೇ ಕರೆದರೆ ಕೊಳೆ ನೀರು ತೊಟ್ಟಿನ ತುದಿಗೆ ಇಳಿಯುತ್ತದೆ.

3. ಪ್ರತಿ ತೊಟ್ಟಿನ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿ. ಚೂರು, ದಾರದಂತಹುದು, ನೀರಿನಂಥ ಹಾಲು, ರಕ್ತ ಕಂಡರೆ ಆ ಹಾಲನ್ನು ಬೇರೆ ಇಡಿ. ನೆಲಕ್ಕೆ ಹಿಂಡಬೇಡಿ.

4. ಪೂರ್ತಿ ಅಂಗೈಯಿಂದ ಹಿಂಡಿ. ಹೆಬ್ಬೆರಳು ಮಡಚಿ ಕರೆಯುವುದರಿಂದ ತೊಟ್ಟಿನ ಒಳಗೆ ಗಾಯವಾಗುತ್ತದೆ. ಕೈಗೆ ಹಾಲು, ಎಂಜಲು ಹಚ್ಚಿಕೊಳ್ಳಬೇಡಿ.

5. ಕರೆದು ಮುಗಿದ ಕೂಡಲೇ ಸಣ್ಣ ಲೋಟದಲ್ಲಿ ಅಯೋಡಿನ್ ದ್ರಾವಣ ತೆಗೆದುಕೊಂಡು ಪ್ರತಿ ತೊಟ್ಟನ್ನೂ ಪೂರ್ತಿ ಅದ್ದಿ. ತುದಿಗೆ ಮುಟ್ಟಿಸಿದರೆ ಸಾಲದು. ಲೋಟದಲ್ಲಿ ಉಳಿದದ್ದನ್ನು ಚೆಲ್ಲಿ. ಮತ್ತೆ ಬಾಟಲಿಗೆ ಸುರಿಯಬೇಡಿ.

6. ಅದ್ದಿದ ಮೇಲೆ ಹಸುವಿನ ಮುಂದೆ ಹುಲ್ಲು ಹಾಕಿ. ತಿನ್ನುತ್ತಾ ಅರ್ಧ ಗಂಟೆಯಾದರೂ ನಿಂತಿರುತ್ತದೆ, ಸಗಣಿಯ ಮೇಲೆ ಮಲಗುವುದಿಲ್ಲ.

7. ಮುಂದಿನ ಸಲ ಕರೆಯುವ ಮೊದಲು ತೊಳೆದು ಒರೆಸಿ, ಹಳೆಯ ಅಯೋಡಿನ್ ಹಾಲಿಗೆ ಸೇರಬಾರದು.

ದ್ರಾವಣ ಯಾವುದು? ಹಸುವಿನ ತೊಟ್ಟಿಗೆಂದೇ ತಯಾರಾದದ್ದು ಪಶು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಶೇ. 0.5 ಅಯೋಡಿನ್ ಇರುತ್ತದೆ, ಚರ್ಮ ಒಡೆಯದಿರಲು ಗ್ಲಿಸರಿನ್ ಸೇರಿಸಿರುತ್ತಾರೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಬಾಟಲಿಯ ಮೇಲೆ "ಶೇ. 5" ಅಂತ ಇದ್ದರೆ ಅದರಲ್ಲಿ ಕೆಲಸ ಮಾಡುವ ಅಯೋಡಿನ್ ಶೇ. 0.5 ಮಾತ್ರ. ಅದಕ್ಕೆ ಗ್ಲಿಸರಿನ್ ಎಷ್ಟು ಬೆರೆಸಬೇಕು ಅಂತ ಪಶುವೈದ್ಯರನ್ನು ಕೇಳಿ. ಸ್ಪಿರಿಟ್ ಇರುವ ಟಿಂಚರ್ ಅಯೋಡಿನ್ ಹಚ್ಚಬೇಡಿ, ತೊಟ್ಟು ಸುಡುತ್ತದೆ, ನಾಳೆಯಿಂದ ಹಸು ಹತ್ತಿರ ಸೇರಿಸುವುದಿಲ್ಲ.

ಒಂದು ಮಾತು ಮುಚ್ಚಿಡುವುದಿಲ್ಲ. ತೊಟ್ಟು ಅದ್ದುವುದು ಮುಖ್ಯವಾಗಿ ಕೈಯಿಂದ ಹರಡುವ ರೋಗಾಣುಗಳನ್ನು ತಡೆಯುತ್ತದೆ. ಸಗಣಿ, ಕೆಸರಿನಿಂದ ಬರುವವನ್ನು ತಡೆಯಲು ನೆಲ ಒಣಗಿರಬೇಕು. ಮಳೆಗಾಲದಲ್ಲಿ ದಿನಕ್ಕೆರಡು ಸಲ ಸಗಣಿ ತೆಗೆದು, ಒಣ ತರಗೆಲೆ ಅಥವಾ ಹುಲ್ಲು ಹಾಸಿ, ಒದ್ದೆಯಾದದ್ದನ್ನು ಗೊಬ್ಬರದ ಗುಂಡಿಗೆ ತೆಗೆದು ಹಾಕುವುದಕ್ಕೆ ಬೇರೆ ಬದಲಿ ಇಲ್ಲ.

ಬತ್ತಿದ ಹಸುವನ್ನು ಮರೆಯಬೇಡಿ

ನಮ್ಮಲ್ಲಿ ಒಂದು ಅಭ್ಯಾಸವಿದೆ. ಹಾಲು ಬತ್ತಿದ ಕೂಡಲೇ ಹಿಂಡಿ, ಖನಿಜ ಮಿಶ್ರಣ ಎಲ್ಲ ನಿಲ್ಲಿಸಿ ಗುಡ್ಡಕ್ಕೆ ಬಿಡುತ್ತೇವೆ. "ಹಾಲು ಕೊಡದ ಹಸುವಿಗೆ ಯಾಕೆ ಖರ್ಚು?" ಆದರೆ ಕರು ಹಾಕುವ ಮೊದಲಿನ ಆ ಎರಡು ತಿಂಗಳಲ್ಲೇ ಹೊಟ್ಟೆಯ ಕರು ಬೇಗ ಬೇಗ ಬೆಳೆಯುವುದು. ಅದರ ಥೈರಾಯ್ಡಿಗೆ ಬೇಕಾದ ಅಯೋಡಿನ್ ತಾಯಿಯಿಂದಲೇ ಬರಬೇಕು. ಕೆಚ್ಚಲಿಗೂ ಅದೇ ಅಪಾಯದ ಕಾಲ. ಹಾಲು ನಿಲ್ಲಿಸಿದ ಮೊದಲ ಎರಡು ವಾರ ಮತ್ತು ಕರು ಹಾಕುವ ಆಸುಪಾಸಿನಲ್ಲಿ ಹೊಸ ಸೋಂಕು ಹೆಚ್ಚು. ಆದ್ದರಿಂದ ಖನಿಜ ಮಿಶ್ರಣ, ಹಸಿರು ಹುಲ್ಲು ನಿಲ್ಲಿಸಬೇಡಿ. ಬತ್ತಿಸುವ ದಿನ ತೊಟ್ಟಿನೊಳಗೆ ಔಷಧಿ ಟ್ಯೂಬ್ ಬಿಡಬೇಕೋ ಬೇಡವೋ ಅಂತ ಡಾಕ್ಟರ ಸಲಹೆ ಕೇಳಿ. ಆಮೇಲೂ ಕೆಲವು ದಿನ ತೊಟ್ಟು ಅದ್ದುವುದನ್ನು ಮುಂದುವರಿಸಿ.

ಬಾವು ಬಂದೇಬಿಟ್ಟರೆ

ಕಾಣದ ಬಾವನ್ನು ಮನೆಯಲ್ಲೇ ಗುರುತಿಸುವ ಉಪಾಯ ಒಂದಿದೆ. ಬಟ್ಟೆ ಒಗೆಯುವ ಪುಡಿ 30 ಗ್ರಾಂ ಒಂದು ಲೀಟರ್ ನೀರಿಗೆ ಕಲಸಿ. ನಾಲ್ಕು ತೊಟ್ಟಿನ ಹಾಲನ್ನು ನಾಲ್ಕು ಬಟ್ಟಲಿಗೆ ಬೇರೆ ಬೇರೆ ಹಿಂಡಿ, ಅಷ್ಟೇ ಪ್ರಮಾಣದ ಸೋಪಿನ ನೀರು ಸೇರಿಸಿ ಮೆಲ್ಲಗೆ ತಿರುಗಿಸಿ. ಹಾಲು ಲೋಳೆಯಂತೆ ಗಟ್ಟಿಯಾದರೆ ಆ ಭಾಗದಲ್ಲಿ ಬಾವು ಇರಬಹುದು. ಆಮೇಲೆ ಪಶುವೈದ್ಯರು ಅವರ ಪರೀಕ್ಷೆಯಿಂದ ಖಚಿತ ಮಾಡುತ್ತಾರೆ. ಪರೀಕ್ಷೆಗೆ ಬಳಸಿದ ಹಾಲನ್ನು ಚೆಲ್ಲಿಬಿಡಿ, ಬೆಕ್ಕಿಗೂ ಹಾಕಬೇಡಿ.

ಕಾಣುವ ಬಾವು ಬಂದರೆ ಕಾಯಬೇಡಿ, ಅದೇ ದಿನ ಡಾಕ್ಟರನ್ನು ಕರೆಸಿ. ಕೆಟ್ಟ ಹಾಲನ್ನು ಆಗಾಗ ಹಿಂಡಿ ತೆಗೆಯುತ್ತಿರಿ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಹೇಳಿಕೊಡುವ ಲೇಪವೊಂದಿದೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು, ಕೆಚ್ಚಲು ತೊಳೆದು, ಸ್ವಲ್ಪ ಸ್ವಲ್ಪ ನೀರಿನಲ್ಲಿ ಕದಡಿ ದಿನಕ್ಕೆ ಹಲವು ಸಲ ಹಚ್ಚುವುದು. ಖರ್ಚು ಕಡಿಮೆ, ಹಾಲಿನಲ್ಲಿ ಔಷಧಿ ಉಳಿಯುವ ಭಯವಿಲ್ಲ. ಆದರೆ ಜ್ವರ ಬಂದು ಹಸು ಮೇವು ಬಿಟ್ಟರೆ ಲೇಪವನ್ನೇ ನಂಬಿ ಕೂರಬೇಡಿ.

ಆ್ಯಂಟಿಬಯೋಟಿಕ್ ಟ್ಯೂಬನ್ನು ನಾವೇ ತಂದು ಬಿಡುವುದು, ಒಂದೆರಡು ದಿನದಲ್ಲಿ ಚೆನ್ನಾಗಿ ಕಂಡಿತು ಅಂತ ಅರ್ಧಕ್ಕೆ ನಿಲ್ಲಿಸುವುದು ಎರಡೂ ತಪ್ಪು. ಡಾಕ್ಟರು ಹೇಳಿದಷ್ಟು ದಿನ ಆ ಹಾಲು ಡೈರಿಗೂ ಹೋಗಬಾರದು, ಮನೆಯ ಚಹಾಕ್ಕೂ ಬರಬಾರದು.

ಸಂಘದಲ್ಲಿ ಮಾಡಬಹುದಾದದ್ದು

ಕೊನೆಯದಾಗಿ, ನನ್ನ ಕ್ಷೇತ್ರದ ಮಾತು. ನಮ್ಮ ಊರುಗಳಲ್ಲಿ ಹೆಚ್ಚಿನ ಮನೆಗಳಲ್ಲಿ ಹಾಲು ಕರೆಯುವುದು, ಸಗಣಿ ತೆಗೆಯುವುದು, ಹುಲ್ಲು ಕೊಯ್ಯುವುದು ಹೆಂಗಸರು. ಹಿಂಡಿ ತರುವುದು, ಯಾವ ಪುಡಿ ಎಂದು ತೀರ್ಮಾನಿಸುವುದು, ಪಾಸ್‌ಬುಕ್ ಇಟ್ಟುಕೊಳ್ಳುವುದು ಗಂಡಸರು. ಕೆಚ್ಚಲಿನ ವ್ಯತ್ಯಾಸ ಮೊದಲು ಗೊತ್ತಾಗುವುದು ಕರೆಯುವ ಕೈಗೆ, ಆದರೆ ಡಾಕ್ಟರನ್ನು ಕರೆಸುವುದಕ್ಕೆ ಆ ಕೈಯಲ್ಲಿ ದುಡ್ಡಿರುವುದಿಲ್ಲ. ಸಂಜೆಯವರೆಗೆ ಕಾಯುತ್ತಾಳೆ, ಅಷ್ಟರಲ್ಲಿ ಒಂದು ಭಾಗ ಹೋಗಿರುತ್ತದೆ. ಹಿಂದಿನ ಸಾಲಿನಲ್ಲಿರುವ ಸಹೋದರರು ಇದನ್ನು ಬೇಸರಪಡದೆ ಯೋಚಿಸಬೇಕು.

ಅದಕ್ಕೇ ನನ್ನ ನಾಲ್ಕು ಸಲಹೆ. ಸಂಘದಲ್ಲಿ ಹತ್ತು ಮನೆಯವರು ಸೇರಿ ತೊಟ್ಟು ಅದ್ದುವ ದ್ರಾವಣದ ದೊಡ್ಡ ಕ್ಯಾನ್ ತಂದು ಹಂಚಿಕೊಳ್ಳಿ, ಒಬ್ಬೊಬ್ಬರೇ ಸಣ್ಣ ಬಾಟಲಿ ತರುವುದಕ್ಕಿಂತ ಅಗ್ಗ. ಖನಿಜ ಮಿಶ್ರಣವನ್ನು ಒಟ್ಟಿಗೆ ಡೈರಿ ಸಂಘದಿಂದ ತರಿಸಿ, ತಿಂಗಳಿಗೆ ಹಸುವೊಂದಕ್ಕೆ ಒಂದೂವರೆ ಕೆ.ಜಿ. ಲೆಕ್ಕ. ಉಳಿತಾಯದ ಹಣದಲ್ಲಿ ಸಣ್ಣ ಮೊತ್ತವೊಂದನ್ನು ಪಶುವೈದ್ಯರ ತುರ್ತು ಖರ್ಚಿಗೆಂದು ಮೀಸಲಿಡಿ, ಅರ್ಜಿ, ಸಭೆ ಎಂದು ಕಾಯದೆ ಅದೇ ದಿನ ಸದಸ್ಯೆಗೆ ಸಿಗಬೇಕು. ಒಂದು ನೋಟುಪುಸ್ತಕದಲ್ಲಿ ಯಾವ ಹಸು, ಯಾವ ತೊಟ್ಟು, ಯಾವ ದಿನ ಬಾವು ಬಂತು, ಎಷ್ಟು ಖರ್ಚಾಯಿತು ಅಂತ ಬರೆಯಿರಿ. ಒಂದು ವರ್ಷದ ಪುಸ್ತಕ ಮುಂದಿಟ್ಟುಕೊಂಡರೆ ಯಾವುದರಿಂದ ಉಪಯೋಗವಾಯಿತು, ಯಾವುದರಿಂದ ಇಲ್ಲ ಅಂತ ನಿಮಗೇ ಗೊತ್ತಾಗುತ್ತದೆ. ಮಾರುವವರ ಮಾತು ಕೇಳಬೇಕಾಗಿಲ್ಲ.

ಊಟಕ್ಕೆ ಮೊದಲು ಪಶುವೈದ್ಯರು ಹೊರಗೆ ಕೊಟ್ಟಿಗೆಯಲ್ಲಿ ತೊಟ್ಟು ಅದ್ದುವುದನ್ನು ಮಾಡಿ ತೋರಿಸುತ್ತಾರೆ. ನೋಡಿಕೊಂಡು ಹೋದರೆ ಸಾಲದು, ಒಬ್ಬೊಬ್ಬರೂ ಕೈಯಿಂದ ಮಾಡಿ ನೋಡಿ. ಮನೆಯಲ್ಲಿ ಪುಡಿಯ ಡಬ್ಬಿ ಇರುವವರು ಅದರ ಚೀಟಿಯನ್ನು ಅವರಿಗೆ ತೋರಿಸಿ, ಎಷ್ಟು ಅಯೋಡಿನ್ ಇದೆ ಅಂತ ಕೇಳಿಕೊಳ್ಳಿ.